ಕೆಲಸದ ಹೊತ್ತು, ನೌಕರರ ಹೊತ್ತು

ಕೇಳುಗರಿಗೆ ನಮಸ್ಕಾರ.

ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನೇಮಕಾತಿ ಪತ್ರದ ಜೊತೆಗೆ ಸೇವಾ ನಿಯಮಗಳ ಒಂದು ಕಟ್ಟನ್ನೂ ಕೊಡುವುದುಂಟು. ಸಂಬಳದ ಸಾಲನ್ನಷ್ಟೇ ನೋಡಿ, ಕೊನೆಯ ಪುಟದಲ್ಲಿ ಸಹಿ ಹಾಕಿ ಹಿಂದಿರುಗಿಸುವವರೇ ಹೆಚ್ಚು. ನಾನೂ ಮೊದಲ ಕೆಲಸಕ್ಕೆ ಸೇರಿದಾಗ ಹಾಗೆಯೇ ಮಾಡಿದ್ದೆ. ಮುಂದೆ ಸಿಬ್ಬಂದಿ ವಿಭಾಗದಲ್ಲಿ ಅದೇ ನಿಯಮಗಳನ್ನು ಇತರರಿಗೆ ವಿವರಿಸುವ ಹೊಣೆ ಬಂದ ಮೇಲೆ ಒಂದು ಸಂಗತಿ ಮನದಟ್ಟಾಯಿತು. ಕರ್ತವ್ಯ, ಹೊರಗಿನ ದುಡಿಮೆ, ಕೆಲಸದ ಅವಧಿ, ಬಿಡುವು ಎಂದು ಅಧ್ಯಾಯಗಳು ಬೇರೆಬೇರೆಯಾಗಿದ್ದರೂ, ದಿನದ ಯಾವ ಹೊತ್ತು ಸಂಸ್ಥೆಗೆ ಸೇರಿದ್ದು, ಯಾವ ಹೊತ್ತು ನೌಕರರಿಗೆ ಸೇರಿದ್ದು ಎಂಬ ಒಂದೇ ಪ್ರಶ್ನೆಗೆ ಅವೆಲ್ಲವೂ ಉತ್ತರ ಹೇಳಬೇಕಾಗಿವೆ.

ಕರ್ತವ್ಯಗಳ ಪಟ್ಟಿಯ ಕೊನೆಯಲ್ಲಿ ‘ಮೇಲಧಿಕಾರಿಗಳು ವಹಿಸುವ ಇತರ ಕೆಲಸಗಳು’ ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಎಲ್ಲವನ್ನೂ ಮೊದಲೇ ಬರೆದಿಡಲಾಗದು, ಆದ್ದರಿಂದ ಆ ಸಾಲು ಬೇಕು. ಆದರೆ ಅದು ಹುದ್ದೆಯ ಸ್ವರೂಪಕ್ಕೆ ಹೊಂದುವ ಕೆಲಸಗಳಿಗೆ ಮಾತ್ರ ಎಂದು ಜೊತೆಯಲ್ಲೇ ಹೇಳಿರಬೇಕು.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1919ರಲ್ಲಿ ವಾಷಿಂಗ್ಟನ್ನಿನಲ್ಲಿ ಅಂಗೀಕರಿಸಿದ ಮೊಟ್ಟಮೊದಲ ಒಪ್ಪಂದದ ವಿಷಯವೇ ಕೆಲಸದ ಅವಧಿ. ಕೈಗಾರಿಕೆಗಳಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು ಅದು ಹಾಕಿತು. 1921ರ ಇನ್ನೊಂದು ಒಪ್ಪಂದ ಏಳು ದಿನಗಳಿಗೊಮ್ಮೆ ಕನಿಷ್ಠ 24 ಗಂಟೆಗಳ ಸತತ ಬಿಡುವನ್ನು ಸೇರಿಸಿತು. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಅಂಗಡಿ ಮತ್ತು ಕಚೇರಿಗಳ ಕುರಿತು 1930ರಲ್ಲಿ ಬಂದ ಒಪ್ಪಂದ. ನೌಕರರು ಮಾಲೀಕರ ಅಧೀನದಲ್ಲಿರುವ ಸಮಯವೆಲ್ಲ ಕೆಲಸದ ಅವಧಿ, ಹಾಗೆ ಅಧೀನದಲ್ಲಿರದ ವಿರಾಮ ಮಾತ್ರ ಅದರಿಂದ ಹೊರಗೆ ಎಂದು ಅದು ಹೇಳುತ್ತದೆ. ಕೈ ಆಡುತ್ತಿದೆಯೇ ಎಂಬುದು ಅಲ್ಲಿ ಅಳತೆಯಲ್ಲ, ಎದ್ದು ಹೋಗುವ ಸ್ವಾತಂತ್ರ್ಯ ಯಾರದು ಎಂಬುದು ಅಳತೆ.

ಈ ಮಾತಿನ ತೂಕ ನನಗೆ ತಿಳಿದದ್ದು ಒಬ್ಬ ಸಹೋದ್ಯೋಗಿಯಿಂದ. ಅವರು ವಿಚಾರಣಾ ಮೇಜಿನಲ್ಲಿ ಕೂರುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಅವರಿಗೆ ಅರ್ಧ ಗಂಟೆ ಊಟದ ಬಿಡುವಿತ್ತು, ಆದರೆ ಫೋನ್ ಬಂದರೆ ಎತ್ತಲೇಬೇಕಾಗಿದ್ದರಿಂದ ಜಾಗ ಬಿಟ್ಟು ಕದಲುವಂತಿರಲಿಲ್ಲ. “ಇದು ಬಿಡುವೇ ಸರ್?” ಎಂದು ಅವರು ಕೇಳಿದಾಗ, ನಿಯಮದಲ್ಲಿ ಹಾಗೆಂದು ಬರೆದಿದೆಯಲ್ಲ ಎಂದು ನಾನು ಉತ್ತರಿಸಿದೆ. ಆ ಉತ್ತರ ತಪ್ಪಾಗಿತ್ತು. ಆ ಅರ್ಧ ಗಂಟೆಗೆ ಬದಲಿ ನೌಕರರನ್ನು ಕೂರಿಸಬೇಕಾಗಿತ್ತು, ಇಲ್ಲವೇ ಅದನ್ನು ಕೆಲಸದ ಅವಧಿಗೆ ಸೇರಿಸಿ ಸಂಬಳ ಕೊಡಬೇಕಾಗಿತ್ತು.

ಬಿಡುವು ಯಾವ ಹೊತ್ತಿಗೆ ಸಿಗುತ್ತದೆ ಎಂಬುದೂ ಮುಖ್ಯ. ಯುರೋಪಿನ ಒಕ್ಕೂಟದ 2003ರ ನಿರ್ದೇಶನದಂತೆ ದಿನದ ಕೆಲಸ 6 ಗಂಟೆ ಮೀರಿದರೆ ನಡುವೆ ವಿರಾಮ ಇರಲೇಬೇಕು, ಮತ್ತು ಪ್ರತಿ 24 ಗಂಟೆಗಳಲ್ಲಿ 11 ಗಂಟೆಗಳ ಸತತ ವಿಶ್ರಾಂತಿ ಸಿಗಬೇಕು. ಭಾರಿ ಲಾರಿಗಳ ಚಾಲಕರ ಮಟ್ಟಿಗೆ ಅಲ್ಲಿನ ನಿಯಮ ಇನ್ನೂ ಬಿಗಿ: ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷಗಳ ವಿರಾಮ ಕಡ್ಡಾಯ. ದಣಿದವನಿಗೆ ತನ್ನ ಗಮನ ಕುಂದಿದ್ದು ಸ್ವತಃ ತಿಳಿಯದೇ ಹೋಗಬಹುದು; ಆದ್ದರಿಂದಲೇ ತೀರ್ಮಾನವನ್ನು ಅವನಿಗೆ ಬಿಡದೆ ಗಡಿಯಾರಕ್ಕೆ ವಹಿಸಲಾಗಿದೆ. ವಿರಾಮವನ್ನು ಉಳಿಸಿಕೊಂಡು ಪಾಳಿಯ ಕೊನೆಯಲ್ಲಿ ಬೇಗ ಮನೆಗೆ ಹೋಗುವ ಪದ್ಧತಿಯನ್ನು ನೌಕರರೇ ಇಷ್ಟಪಡುವುದುಂಟು, ಆದರೂ ನಾನು ಅದನ್ನು ಒಪ್ಪಲಾರೆ. ಕೆಲಸವೆಲ್ಲ ಮುಗಿದ ಮೇಲೆ ಸಿಕ್ಕ ಬಿಡುವು ಅದಕ್ಕೆ ಮುಂಚಿನ ಗಂಟೆಗಳ ದಣಿವನ್ನು ಕಳೆಯುವುದಿಲ್ಲ.

ಇನ್ನು ಹೊರಗಿನ ದುಡಿಮೆ. ‘ಸಂಸ್ಥೆಯ ಅನುಮತಿಯಿಲ್ಲದೆ ಬೇರೆ ಯಾವ ಕೆಲಸವನ್ನೂ ಮಾಡಕೂಡದು’ ಎಂಬ ಒಂದೇ ಸಾಲಿನ ನಿಷೇಧವನ್ನು ನಾನು ಹಲವು ನಿಯಮಾವಳಿಗಳಲ್ಲಿ ಕಂಡಿದ್ದೇನೆ. ಯುರೋಪಿನ 2019ರ ನಿರ್ದೇಶನವೊಂದು ಹೀಗೆ ಸಾರಾಸಗಟಾಗಿ ತಡೆಯುವುದನ್ನು ಒಪ್ಪುವುದಿಲ್ಲ. ನಿಗದಿತ ವೇಳೆಯ ಹೊರಗೆ ಇನ್ನೊಬ್ಬರಲ್ಲಿ ದುಡಿಯುವುದನ್ನು ತಡೆಯಬೇಕಾದರೆ ಆರೋಗ್ಯ ಮತ್ತು ಸುರಕ್ಷತೆ, ವ್ಯವಹಾರದ ಗುಟ್ಟು, ಹಿತಾಸಕ್ತಿಗಳ ಘರ್ಷಣೆಯಂಥ ವಸ್ತುನಿಷ್ಠ ಕಾರಣ ಬೇಕೆಂದು ಅದು ಹೇಳುತ್ತದೆ. ಪ್ರತಿಸ್ಪರ್ಧಿ ಸಂಸ್ಥೆಗೆ ಲೆಕ್ಕ ಬರೆದುಕೊಡುವುದನ್ನೂ ಭಾನುವಾರ ಮಕ್ಕಳಿಗೆ ಸಂಗೀತ ಹೇಳಿಕೊಡುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಹಾಗೆಂದು ನೌಕರರ ಹೊಣೆಯೂ ಸಣ್ಣದಲ್ಲ. ರಾತ್ರಿಯಿಡೀ ಬೇರೆಡೆ ದುಡಿದು ಬೆಳಗ್ಗೆ ಯಂತ್ರದ ಮುಂದೆ ನಿಲ್ಲುವವರು ತಮ್ಮ ಕೈಯನ್ನಷ್ಟೇ ಅಲ್ಲ, ಪಕ್ಕದಲ್ಲಿ ನಿಂತವರ ಕೈಯನ್ನೂ ಅಪಾಯಕ್ಕೆ ಒಡ್ಡುತ್ತಾರೆ. ಅದನ್ನು ಮುಚ್ಚಿಡದೆ ತಿಳಿಸಬೇಕು. ಸಂಸ್ಥೆಯೂ ನಿಗದಿತ ದಿನಗಳೊಳಗೆ, ಕಾರಣ ಸಹಿತ, ಬರವಣಿಗೆಯಲ್ಲಿ ಉತ್ತರ ಕೊಡಬೇಕು.

ಆದರೆ ರಾತ್ರಿ ಹತ್ತಕ್ಕೂ ಸಂದೇಶ ಕಳುಹಿಸಿ ಉತ್ತರ ಬಯಸುವ ಸಂಸ್ಥೆ ನೌಕರರ ಸಂಜೆಯ ಲೆಕ್ಕ ಕೇಳಲು ಹೊರಟರೆ, ಆ ಪ್ರಶ್ನೆಗೆ ಬಲ ಎಲ್ಲಿಂದ ಬರಬೇಕು? ತನ್ನ ಹೊತ್ತಿನ ಗೆರೆಯನ್ನು ಅದು ಮೊದಲು ಎಳೆದಿರಬೇಕು. ಪ್ರತಿಯೊಬ್ಬ ನೌಕರರ ದಿನದ ಕೆಲಸದ ಅವಧಿಯನ್ನು ಅಳೆಯುವ ನಂಬಲರ್ಹ ವ್ಯವಸ್ಥೆಯನ್ನು ಮಾಲೀಕರು ಇಟ್ಟಿರಬೇಕೆಂದು ಯುರೋಪಿನ ಒಕ್ಕೂಟದ ನ್ಯಾಯಾಲಯ 2019ರ ಮೇ ತಿಂಗಳಲ್ಲಿ ತೀರ್ಪು ನೀಡಿದ್ದು, ಅಂಥ ದಾಖಲೆಯಿಲ್ಲದಿದ್ದರೆ ಹೆಚ್ಚುವರಿ ದುಡಿಮೆಯನ್ನು ಸಾಬೀತುಪಡಿಸುವುದು ನೌಕರರಿಗೆ ಬಹಳ ಕಷ್ಟವಾಗುತ್ತದೆ ಎಂಬ ಕಾರಣಕ್ಕಾಗಿ. ಅಂಥ ವ್ಯವಸ್ಥೆ ಇಲ್ಲದ ಕಡೆ ದುಡಿಯುವವರು ತಾವು ಬಂದ ಹೊತ್ತು, ಹೊರಟ ಹೊತ್ತು ಮತ್ತು ತಪ್ಪಿಹೋದ ಬಿಡುವನ್ನು ಒಂದು ಪುಸ್ತಕದಲ್ಲಿ ಆಯಾ ದಿನವೇ ಗುರುತು ಹಾಕಿಕೊಳ್ಳುತ್ತ ಬರುವುದು ಒಳ್ಳೆಯದು.

ನಮಸ್ಕಾರ.