ಹರಳು ನಡುಗಿದರೆ ಕ್ಯೂಬಿಟ್‌ಗೆ ಏನಾಗುತ್ತದೆ?

ಕೇಳುಗರಿಗೆಲ್ಲ ನಮಸ್ಕಾರ.

ಹರಳು ನೋಡಲು ಎಷ್ಟು ಗಟ್ಟಿಯಾಗಿದ್ದರೂ ಅದರೊಳಗಿನ ಪರಮಾಣುಗಳು ಸುಮ್ನೆ ಕೂತಿರುವುದಿಲ್ಲ. ಒಂದನ್ನೊಂದು ಹಿಡಿದುಕೊಂಡೇ ನಡುಗುತ್ತಿರುತ್ತವೆ. ಆ ನಡುಕ ಅಲೆಯಾಗಿ ಹರಿಯುತ್ತದೆ, ಅದರ ಶಕ್ತಿ ಸಣ್ಣ ಸಣ್ಣ ಕಂತುಗಳಲ್ಲೇ ಬಂದುಹೋಗುತ್ತದೆ. ಅಂಥ ಒಂದು ಕಂತೇ ಫೋನಾನ್.

ಇದೇ ಹರಳಿನಲ್ಲಿ, ಹತ್ತಾರು ನ್ಯಾನೋಮೀಟರ್ ಅಗಲದ ಜಾಗದೊಳಗೆ, ಒಂದೇ ಒಂದು ಎಲೆಕ್ಟ್ರಾನನ್ನು ಕೂಡಿಹಾಕಿದರೆ ಅದು ಕ್ವಾಂಟಂ ಡಾಟ್. ಎಲೆಕ್ಟ್ರಾನ್ ಒಂದು ಪುಟ್ಟ ಕಾಂತದಂತೆ ವರ್ತಿಸುವ ಗುಣವೇ ಸ್ಪಿನ್. ಆ ಎಲೆಕ್ಟ್ರಾನಿನ ಸ್ಪಿನ್ನನ್ನೇ ಕ್ಯೂಬಿಟ್ ಆಗಿ, ಅಂದರೆ ಕ್ವಾಂಟಂ ಕಂಪ್ಯೂಟರಿನಲ್ಲಿ ಮಾಹಿತಿ ಇಡುವ ಮೂಲ ಘಟಕವಾಗಿ, ಬಳಸಬಹುದು ಎಂದು ಡೇನಿಯಲ್ ಲಾಸ್ ಮತ್ತು ಡೇವಿಡ್ ಡಿವಿನ್ಸೆಂಜೊ 1998ರಲ್ಲಿ ಸೂಚಿಸಿದರು. ಕಾಂತಕ್ಷೇತ್ರದಲ್ಲಿಟ್ಟಾಗ ಸ್ಪಿನ್ನಿಗೆ ಎರಡು ಮಟ್ಟಗಳು. ಒಂದರ ಶಕ್ತಿ ಸ್ವಲ್ಪ ಜಾಸ್ತಿ, ಇನ್ನೊಂದರದು ಕಡಿಮೆ.

ತಣ್ಣಗೆ ಮಾಡಿಬಿಟ್ಟರೆ ನಡುಕದ ಕಾಟ ತಪ್ಪುತ್ತದೆ ಅಲ್ವಾ? ಅರ್ಧ ಮಾತ್ರ ನಿಜ. ಡಾಟ್ ಇರುವ ಚಿಪ್ ಅನ್ನು ಪರಮ ಶೂನ್ಯ ತಾಪಕ್ಕೆ ತೀರಾ ಹತ್ತಿರ, ಅಂದರೆ ಹತ್ತಾರು ಮಿಲಿಕೆಲ್ವಿನ್‌ಗೆ ಇಳಿಸಿದರೆ ಹೊರಗಿಂದ ಬಂದು ತಟ್ಟುವ ಫೋನಾನ್‌ಗಳು ಹೆಚ್ಚುಕಡಿಮೆ ಇಲ್ಲವಾಗುತ್ತವೆ. ಆದರೆ ಮೇಲಿನ ಮಟ್ಟದಲ್ಲಿರುವ ಎಲೆಕ್ಟ್ರಾನ್ ತಾನೇ ಒಂದು ಹೊಸ ಫೋನಾನನ್ನು ಹರಳಿಗೆ ಬಿಟ್ಟು ಕೆಳಗಿಳಿಯಬಲ್ಲದು. ಹಾಗೆ ಇಳಿದರೆ ಅದರಲ್ಲಿ ಇಟ್ಟಿದ್ದ ಮಾಹಿತಿ ಹೋಯಿತು. ಇದನ್ನು ಯಾವ ಚಳಿಯೂ ತಡೆಯುವುದಿಲ್ಲ. ತಡೆಯಬೇಕಾದರೆ ಹರಳನ್ನೂ ಕಾಂತಕ್ಷೇತ್ರವನ್ನೂ ನೋಡಿ ಆರಿಸಿಕೊಳ್ಳಬೇಕು.

ಮೊದಲು ಜಾಸ್ತಿ ಬಳಕೆಯಲ್ಲಿದ್ದದ್ದು ಗ್ಯಾಲಿಯಂ ಆರ್ಸೆನೈಡ್ ಎಂಬ ಹರಳು. ನಮ್ಮ ಅಡುಗೆಮನೆಯ ಗ್ಯಾಸ್ ಲೈಟರಿನಲ್ಲಿ ಒತ್ತಿದ ಕೂಡಲೇ ವಿದ್ಯುತ್ ಹುಟ್ಟಿಸಿ ಕಿಡಿ ಹಾರಿಸುವ ಗುಣ ಇದಕ್ಕೂ ಸ್ವಲ್ಪ ಇದೆ. ಹಾಗಾಗಿ ಕಂಪನದ ಅಲೆಯ ಜೊತೆಗೇ ವಿದ್ಯುತ್ ಕ್ಷೇತ್ರವೂ ಸಾಗುತ್ತದೆ, ಎಲೆಕ್ಟ್ರಾನ್ ಅಲುಗುತ್ತದೆ. ಅದರ ಓಡಾಟಕ್ಕೂ ಸ್ಪಿನ್ನಿಗೂ ನಂಟಿರುವುದರಿಂದ ಸ್ಪಿನ್ ಮಗುಚುತ್ತದೆ. ಮಗುಚುವ ವೇಗ ಕಾಂತಕ್ಷೇತ್ರದ ಐದನೇ ಘಾತದಂತೆ ಏರುತ್ತದೆ ಎನ್ನುತ್ತದೆ ಲೆಕ್ಕ. ಕ್ಷೇತ್ರ ಎರಡರಷ್ಟಾದರೆ ವೇಗ 32 ಪಟ್ಟು! ಪ್ರಯೋಗಗಳೂ ಇದೇ ದಾರಿ ತೋರಿಸಿದವು. ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ 2004ರಲ್ಲಿ ಅಳೆದಾಗ, 8 ಟೆಸ್ಲಾ ಕ್ಷೇತ್ರದಲ್ಲಿ ಸ್ಪಿನ್ ಉಳಿದದ್ದು ಸುಮಾರು 0.85 ಮಿಲಿಸೆಕೆಂಡ್. 2008ರಲ್ಲಿ ಅಮೆರಿಕದ ಎಂಐಟಿಯ ತಂಡ 1 ಟೆಸ್ಲಾದಲ್ಲಿ ಒಂದು ಸೆಕೆಂಡಿಗೂ ಜಾಸ್ತಿ ಕಂಡಿತು. ಒಂದು ಎಲೆಕ್ಟ್ರಾನಿಗೆ ಅದು ದೊಡ್ಡ ಆಯಸ್ಸು.

ಗ್ಯಾಲಿಯಂ ಆರ್ಸೆನೈಡಿನಲ್ಲಿ ಪರಮಾಣು ಬೀಜಗಳ ಸ್ಪಿನ್‌ಗಳ ಕಾಟ ಬೇರೆ ಇದೆ. ಸಿಲಿಕಾನ್ ಕಡೆ ಜನ ಹೊರಳಿದ್ದಕ್ಕೆ ಅದು ದೊಡ್ಡ ಕಾರಣ. ಸಿಲಿಕಾನಿನಲ್ಲಿ ಒತ್ತಿದರೆ ವಿದ್ಯುತ್ ಹುಟ್ಟುವ ಗುಣವೂ ಇಲ್ಲ. ಸ್ಪಿನ್ ಮತ್ತು ಓಡಾಟದ ನಂಟೂ ಸಡಿಲ.

2020ರಲ್ಲಿ ಡೆಲ್ಫ್ಟ್ ಮತ್ತು ಸಿಡ್ನಿಯ ತಂಡಗಳು ಸಿಲಿಕಾನ್ ಕ್ಯೂಬಿಟ್‌ಗಳನ್ನು 1 ಕೆಲ್ವಿನ್‌ಗಿಂತ ಮೇಲೆಯೇ ನಡೆಸಿ ತೋರಿಸಿದವು. ಇದು ನನಗೆ ತುಂಬಾ ಖುಷಿ ಕೊಟ್ಟ ಸುದ್ದಿ, ಯಾಕೆಂದರೆ ಅಷ್ಟು ತಾಪದಲ್ಲಿ ಫ್ರಿಜ್ಜು ಹೊರಹಾಕಬಲ್ಲ ಶಾಖ ಎಷ್ಟೋ ಪಟ್ಟು ಹೆಚ್ಚು, ನಿಯಂತ್ರಣದ ಸರ್ಕ್ಯೂಟುಗಳನ್ನು ಕ್ಯೂಬಿಟ್ ಪಕ್ಕದಲ್ಲೇ ಇಡುವ ಆಸೆ ಇಟ್ಟುಕೊಳ್ಳಬಹುದು. ಆದರೆ ಅಲ್ಲಿ ಫೋನಾನ್‌ಗಳು ಇನ್ನೊಂದು ದಾರಿ ಹಿಡಿಯುತ್ತವೆ. ಎಲೆಕ್ಟ್ರಾನ್ ಒಂದನ್ನು ನುಂಗಿ, ಬೇರೆ ಶಕ್ತಿಯ ಇನ್ನೊಂದನ್ನು ಉಗುಳುತ್ತದೆ, ನಡುವೆ ಸ್ಪಿನ್ ಮಗುಚುತ್ತದೆ. ಇಂಥ ಒಂದು ಬಗೆಗೆ ನಮ್ಮ ಸಿ.ವಿ. ರಾಮನ್ ಅವರ ಹೆಸರೇ ಇದೆ. ಇಷ್ಟಾದರೂ ಡೆಲ್ಫ್ಟ್ ತಂಡ 1.1 ಕೆಲ್ವಿನ್‌ನಲ್ಲಿ ಅಳೆದ ಸ್ಪಿನ್ ಆಯಸ್ಸು 2.8 ಮಿಲಿಸೆಕೆಂಡ್. ಸ್ಪಿನ್ನನ್ನು ಒಮ್ಮೆ ತಿರುಗಿಸಲು ಬೇಕಾದದ್ದು ಮೈಕ್ರೋಸೆಕೆಂಡಿನ ಆಸುಪಾಸು.

ನಮಸ್ಕಾರ.