ಕೀಬೋರ್ಡ್ ತಗೊಳ್ಳೋ ಮುಂಚೆ ಶಿಫ್ಟ್ ಕೀ ನೋಡಿ

ಕಂಪ್ಯೂಟರ್ ಜೊತೆ ಬಂದ ಕೀಬೋರ್ಡ್ ಬದಲಾಯಿಸಬೇಕು ಅಂತ ಯೂಟ್ಯೂಬಲ್ಲಿ ಹುಡುಕಿದ್ರೆ ಏನು ಸಿಗುತ್ತೆ? ಬಣ್ಣಬಣ್ಣದ ಲೈಟು, ಮೈಕ್ ಹತ್ತಿರ ಹಿಡಿದು ರೆಕಾರ್ಡ್ ಮಾಡಿದ ಟಕಟಕ, ಆಮೇಲೆ ‘1000 ಹರ್ಟ್ಜ್ ಪೋಲಿಂಗ್ ರೇಟ್’. ಅಂದ್ರೆ ಕೀಬೋರ್ಡು ಸೆಕೆಂಡಿಗೆ ಸಾವಿರ ಸಲ ಕಂಪ್ಯೂಟರಿಗೆ ವರದಿ ಒಪ್ಪಿಸುತ್ತೆ. ಒಪ್ಪಿಸಲಿ, ಸಂತೋಷ. ಆದ್ರೆ ನಾನು ಬರೀತಿರೋದು ಅಪಾರ್ಟ್‌ಮೆಂಟ್ ಸಂಘಕ್ಕೆ ಒಂದು ಪತ್ರ, ಅದೂ ಕನ್ನಡದಲ್ಲಿ.

ಈ ರಿವ್ಯೂಗಳೆಲ್ಲ ಗೇಮ್ ಆಡೋರಿಗೆ, ಇಲ್ಲಾಂದ್ರೆ ಇಂಗ್ಲಿಷಲ್ಲಿ ಕೋಡ್ ಬರೆಯೋರಿಗೆ. ಮನೇಲಿ ಕೂತು ದಿನಾ ಕನ್ನಡ ಟೈಪ್ ಮಾಡೋರಿಗೆ ಬೇಕಾದ ಲೆಕ್ಕವೇ ಬೇರೆ. ಅದರಲ್ಲಿ ಮೊದಲನೇದು ಕೀ ಕೆಳಗಿರೋ ಸ್ವಿಚ್ಚಲ್ಲ, ಲೈಟಂತೂ ಅಲ್ಲವೇ ಅಲ್ಲ. ಶಿಫ್ಟ್ ಕೀ.

ಯಾಕೆ ಅಂತ ಕೇಳಿ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದು, ಸರ್ಕಾರದ ಒಪ್ಪಿಗೆಯೂ ಪಡೆದ ಕಗಪ (ಕನ್ನಡ ಗಣಕ ಪರಿಷತ್ತು) ವಿನ್ಯಾಸವನ್ನ, ಅಂದ್ರೆ ನುಡಿ ಕೀಲಿಮಣೆಯನ್ನ ನಮ್ಮಲ್ಲಿ ತುಂಬಾ ಜನ ಬಳಸ್ತೀವಿ. ಅದರಲ್ಲಿ ಮಹಾಪ್ರಾಣ ಬೇಕಾದ್ರೆ ಶಿಫ್ಟ್, ದೀರ್ಘ ಬೇಕಾದ್ರೆ ಶಿಫ್ಟ್, ಣ, ಳ, ಶ ಬೇಕಾದ್ರೂ ಶಿಫ್ಟ್. ಇಂಗ್ಲಿಷಿನವರಿಗೆ ವಾಕ್ಯಕ್ಕೊಂದು ಸಲ ಬೇಕಾಗೋ ಕೀ ನಮಗೆ ಪದಪದಕ್ಕೂ ಬೇಕು. ‘ಹಳ್ಳಿಗಳಲ್ಲಿ’ ಅಂತ ಒಂದು ಪದ ತಗೊಳ್ಳಿ. ಎಚ್ ಒತ್ತಿದ್ರಿ, ಹ ಬಂತು. ಳ ಬೇಕು, ಶಿಫ್ಟ್ ಹಿಡಿದು ಎಲ್. ಶಿಫ್ಟ್ ಬಿಟ್ಟು ಎಫ್ ಒತ್ತಿ ಅರ್ಧಾಕ್ಷರ ಮಾಡಬೇಕು. ಮತ್ತೆ ಶಿಫ್ಟ್ ಹಿಡಿದು ಎಲ್. ಎಡಗೈ ಕಿರುಬೆರಳು ಶಿಫ್ಟ್ ಮೇಲೆ, ಅದೇ ಕೈಯ ತೋರುಬೆರಳು ಎಫ್ ಮೇಲೆ, ಒಂದು ಇಳಿದಾಗ ಇನ್ನೊಂದು ಏಳಬೇಕು. ಮುಂದೆ ‘ಗಳ’ ಬಂದಾಗ ಮತ್ತೊಂದು ಸಲ ಶಿಫ್ಟ್. ಒಂದೇ ಪದದಲ್ಲಿ ಮೂರು ಸಲ ಆಯ್ತು. ಕಿರುಬೆರಳು ಜಾರಿದ್ರೆ ಹಳ್ಳಿ ಹೋಗಿ ಹಲ್ಲಿ ಕೂತಿರುತ್ತೆ, ಸಂಘದ ಅಧ್ಯಕ್ಷರು ಓದಿ ನಗ್ತಾರೆ.

ಈಗ ಅಂಗಡಿಯಲ್ಲಿರೋ ಕೀಬೋರ್ಡ್ ನೋಡಿ. ಕೆಲವದರಲ್ಲಿ ಎಂಟರ್ ಕೀ ದಪ್ಪಗೆ, ಎರಡು ಸಾಲು ಆಕ್ರಮಿಸಿಕೊಂಡಿರುತ್ತೆ. ಅದು ಬ್ರಿಟಿಷ್ ಮಾದರಿ. ಅದರಲ್ಲಿ ಎಡಗಡೆ ಶಿಫ್ಟನ್ನ ಮೊಟಕು ಮಾಡಿ ಪಕ್ಕದಲ್ಲಿ ಇನ್ನೊಂದು ಕೀ ತುರುಕಿರ್ತಾರೆ. ನಮ್ಮ ಕಿರುಬೆರಳಿಗೆ ಅದು ಗುಂಡಿ ಬಿದ್ದ ರಸ್ತೆ. ಎಂಟರ್ ಚಪ್ಪಟೆಯಾಗಿ, ಎಡ ಶಿಫ್ಟ್ ಅಗಲವಾಗಿರೋ ಅಮೆರಿಕನ್ ಮಾದರಿಯನ್ನೇ ಕೇಳಿ ತಗೊಳ್ಳಿ.

ಬಲಗಡೆದೂ ಅಷ್ಟೇ. ಜಾಗ ಉಳಿಸೋ ಪುಟ್ಟ ಕೀಬೋರ್ಡುಗಳು ನೋಡೋಕೆ ಮುದ್ದಾಗಿರುತ್ವೆ, ನಿಜ. ಆದ್ರೆ ಅವುಗಳಲ್ಲಿ ಹಲವದರಲ್ಲಿ ಮೇಲ್ಮುಖ ಬಾಣದ ಕೀಗೆ ಜಾಗ ಮಾಡೋಕೆ ಬಲ ಶಿಫ್ಟನ್ನ ಕತ್ತರಿಸಿರ್ತಾರೆ. ಕಗಪದಲ್ಲಿ ಆ-ಕಾರ ಅಂದ್ರೆ ಶಿಫ್ಟ್ ಜೊತೆ ಎ. ಎ ಕೀ ಎಡಗೈದು, ಹಾಗಾಗಿ ಶಿಫ್ಟ್ ಬಲಗೈದು. ‘ಮಾತಾಡಬಾರದಾ’ ಅಂತ ಬರೆಯೋಕೆ ನಾಲ್ಕು ಸಲ ಬಲ ಶಿಫ್ಟ್ ಬೇಕು. ಒಂದು ಸಲ ಗುರಿ ತಪ್ಪಿ ಬಾಣದ ಕೀ ಮೇಲೆ ಬೆರಳು ಬಿತ್ತು ಅನ್ನಿ, ಕರ್ಸರ್ ಮೇಲಿನ ಸಾಲಿಗೆ ಹಾರಿ ಅಲ್ಲೆಲ್ಲೋ ಒಂದು ‘ಅ’ ಬಿಟ್ಟು ಬರುತ್ತೆ. ಆಮೇಲೆ ಹುಡುಕ್ತಾ ಕೂತ್ಕೊಳ್ಳಿ.

ಪುಟ್ಟ ಕೀಬೋರ್ಡಿನ ಇನ್ನೊಂದು ತಕರಾರು ಸ್ಕ್ರೋಲ್ ಲಾಕ್. ಉಳಿದ ಜಗತ್ತು ಆ ಕೀನ ಮರೆತೇ ಬಿಟ್ಟಿದೆ. ಆದ್ರೆ ಹಳೇ ನುಡಿ ತಂತ್ರಾಂಶ ಬಳಸಿದೋರನ್ನ ಕೇಳಿ: ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿಂದ ಕನ್ನಡಕ್ಕೆ ಹೋಗಿಬರೋ ಬಾಗಿಲೇ ಅದು. ಪೂರ್ತಿ ಕೀಬೋರ್ಡಿನ ಅರವತ್ತು ಪರ್ಸೆಂಟ್ ಗಾತ್ರದ್ದು ತಂದಿಟ್ಟುಕೊಂಡು ‘ಸ್ಕ್ರೋಲ್ ಲಾಕ್ ಎಲ್ಲಿ’ ಅಂತ ಹುಡುಕಿದ್ರೆ ಸಿಗಲ್ಲ. ಬಲಗಡೆ ನಂಬರ್ ಪ್ಯಾಡ್ ಮಾತ್ರ ತೆಗೆದಿರೋ 87 ಕೀಗಳ ಮಾದರಿ ಇದೆಯಲ್ಲ, ಟಿಕೆಎಲ್ ಅಂತಾರೆ, ಅದರಲ್ಲಿ ಸ್ಕ್ರೋಲ್ ಲಾಕೂ ಉಳಿಯುತ್ತೆ, ಶಿಫ್ಟೂ ಪೂರ್ತಿ ಇರುತ್ತೆ, ಮೌಸಿಗೆ ಜಾಗವೂ ಸಿಗುತ್ತೆ. ನನ್ನ ವೋಟು ಅದಕ್ಕೇ. ಮನೇಲಿ ಅಂಗಡಿ ಲೆಕ್ಕ, ಟ್ಯಾಲಿ ಅದೂ ಇದೂ ಮಾಡೋರಾದ್ರೆ 104 ಕೀಗಳದ್ದೇ ಸರಿ, ನಂಬರ್ ಪ್ಯಾಡ್ ಇಲ್ಲದೆ ಅವರಿಗೆ ಕೈ ಮುರಿದ ಹಾಗಾಗುತ್ತೆ.

ವಿಂಡೋಸಿನದೇ ಕನ್ನಡ ಬಳಸೋರು ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಭಾಷೆ ಬದಲಾಯಿಸ್ತೀರಿ. ಗೇಮಿಂಗ್ ಕೀಬೋರ್ಡುಗಳಲ್ಲಿ ಆ ವಿಂಡೋಸ್ ಕೀಗೆ ಬೀಗ ಹಾಕೋ ಸೌಲಭ್ಯ ಇರುತ್ತೆ, ಆಟದ ಮಧ್ಯೆ ಕೈ ತಗುಲದಿರಲಿ ಅಂತ. ಗೊತ್ತಿಲ್ಲದೆ ಅದು ಆನ್ ಆದ್ರೆ ‘ಕನ್ನಡ ಕೆಟ್ಟೋಯ್ತು’ ಅಂತ ಮನೆಯವರೆಲ್ಲ ಸೇರಿ ಕಂಪ್ಯೂಟರ್ ರೀಸ್ಟಾರ್ಟ್ ಮಾಡ್ತಾ ಇರ್ತಾರೆ.

ಕೀಗಳ ಮೇಲೆ ಕನ್ನಡ ಅಕ್ಷರ ಬೇಕಾ? ನೋಡದೆ ಟೈಪ್ ಮಾಡೋರಿಗೆ ಬೇಡ. ಮನೇಲಿ ಅಪ್ಪನೋ ಅತ್ತೆಯೋ ಕಲೀತಿದ್ರೆ ಸ್ಟಿಕರ್ ಅಂಟಿಸಿ, ಆದ್ರೆ ಅದು ಇನ್‌ಸ್ಕ್ರಿಪ್ಟ್ ಅನ್ನೋ ಇನ್ನೊಂದು ಕೀಲಿಮಣೆ ವಿನ್ಯಾಸದ್ದೋ ಕಗಪದ್ದೋ ನೋಡಿ. ಇನ್‌ಸ್ಕ್ರಿಪ್ಟಲ್ಲಿ ಅರ್ಧಾಕ್ಷರ ಮಾಡೋದು ಡಿ ಕೀ, ಕಗಪದಲ್ಲಿ ಎಫ್. ಸ್ಟಿಕರ್ ಒಂದು, ತಂತ್ರಾಂಶ ಒಂದು ಆದ್ರೆ ಕಲಿಯೋರು ಎರಡೇ ದಿನಕ್ಕೆ ಕೈ ಮುಗೀತಾರೆ. ಅಂದಹಾಗೆ ಎಫ್ ಮೇಲೆ ಬೆರಳಿಗೆ ಸಿಗೋ ಸಣ್ಣ ಗೆರೆ ಇರುತ್ತಲ್ಲ, ಕಗಪ ಬಳಸೋರ ಪಾಲಿಗೆ ಅದು ಬಿಟ್ಟಿ ಸಿಕ್ಕ ವರ. ಎಲ್ಲ ಒತ್ತಕ್ಷರವೂ ಅಲ್ಲಿಂದಲೇ ಹುಟ್ಟಬೇಕು. ಕೆಲವು ಅಗ್ಗದ ಕೀಬೋರ್ಡಲ್ಲಿ ಆ ಗೆರೆ ಇದ್ದೂ ಇಲ್ಲದ ಹಾಗಿರುತ್ತೆ, ಸವರಿ ನೋಡಿ.

ವೈರ್‌ಲೆಸ್ ಬಗ್ಗೆ ಹೆಚ್ಚು ಹೇಳಲ್ಲ. ಮೇಜಿನ ಮೇಲೇ ಇರೋ ಕಂಪ್ಯೂಟರಿಗೆ ವೈರ್ ಸಾಕು. ಬ್ಲೂಟೂತ್ ಮಾತ್ರ ಇರೋದಾದ್ರೆ ವಿಂಡೋಸ್ ಶುರುವಾಗೋ ಮುಂಚಿನ ಬಯೋಸ್ ಪರದೆಯಲ್ಲಿ ಅದು ಸಾಮಾನ್ಯವಾಗಿ ಕೆಲಸ ಮಾಡಲ್ಲ, ರಿಪೇರಿ ದಿನ ನೆರೆಮನೆಯಿಂದ ಹಳೇ ಕೀಬೋರ್ಡ್ ಸಾಲ ತರಬೇಕು.

ಕೊನೆಗೆ ಸ್ವಿಚ್. ರಬ್ಬರಿನ ಮೆಂಬ್ರೇನ್ ಕೀಬೋರ್ಡ್ ಅಂದ್ರೆ ಮೂಗು ಮುರಿಯೋರಿದ್ದಾರೆ. ವಾರಕ್ಕೆರಡು ಪುಟ ಬರೆಯೋರಿಗೆ ಅದು ಧಾರಾಳ ಸಾಕು. ದಿನಾ ಗಂಟೆಗಟ್ಟಲೆ ಬರೆಯೋರಾದ್ರೆ ಪ್ರತಿ ಕೀಗೂ ಅದರದೇ ಸ್ವಿಚ್ ಇರೋ ಮೆಕ್ಯಾನಿಕಲ್ ತಗೊಳ್ಳಿ. ಈ ಸ್ವಿಚ್ಚುಗಳಿಗೆ ಚೆರ್ರಿ ಕಂಪನಿ ಹಾಕಿಕೊಟ್ಟ ಬಣ್ಣದ ಲೆಕ್ಕವನ್ನೇ ಉಳಿದವರೂ ಹೆಚ್ಚುಕಮ್ಮಿ ಅನುಸರಿಸ್ತಾರೆ: ಕೆಂಪು ತಡೆಯಿಲ್ಲದೆ ನುಣ್ಣಗೆ ಇಳಿಯುತ್ತೆ, ಕಂದು ನಡುವೆ ಒಂದು ಸಣ್ಣ ಉಬ್ಬು ಕೊಡುತ್ತೆ, ನೀಲಿ ಉಬ್ಬಿನ ಜೊತೆ ಕ್ಲಿಕ್ ಅಂತ ಕೂಗುತ್ತೆ. ಕೆಂಪು ಸುಮಾರು 45 ಗ್ರಾಂ ಒತ್ತಡಕ್ಕೇ ಇಳಿಯುತ್ತೆ, ಬೆರಳು ಸುಮ್ಮನೆ ಇಟ್ಟುಕೊಂಡು ಯೋಚನೆ ಮಾಡೋ ನನ್ನಂಥವರಿಗೆ ಅದು ಬೇಡದ ಅಕ್ಷರ ಹಾಕುತ್ತೆ. ನನಗೆ ಕಂದು.

ನೀಲಿ ಇಷ್ಟಪಡೋರ ಕಷ್ಟವೂ ನನಗೆ ಗೊತ್ತು. ನೀಲಿ ಸ್ವಿಚ್ಚಿನ ಟಿವಿಎಸ್ ಗೋಲ್ಡ್ ಕೀಬೋರ್ಡ್ ಮೇಲೆ ಕೈ ಪಳಗಿಸಿಕೊಂಡ ಡಿಟಿಪಿಯವರು ಆ ಸದ್ದಿಲ್ಲದೆ ಅಕ್ಷರ ಬಿತ್ತು ಅಂತ ನಂಬೋದೇ ಇಲ್ಲ. ಡಿಟಿಪಿ ಅಂಗಡಿಯಲ್ಲಿ ಅದು ಸರಿಯೇ. ಮನೇಲಿ ಬೇಕು ಅಂತ ವಾದ ಮಾಡೋರು ಕಾಮೆಂಟಲ್ಲಿ ಬನ್ನಿ, ಆದ್ರೆ ಪಕ್ಕದ ರೂಮಲ್ಲಿ ಮಲಗೋರ ಸಹಿಯನ್ನೂ ಜೊತೇಲಿ ಹಾಕಿಸ್ಕೊಂಡು ಬನ್ನಿ.