ಸ್ಟೋರೇಜ್‌ಗೆ ಬೇರೆ ದಾರಿ ಕೊಡಿ

ಎಲ್ಲರಿಗೂ ನಮಸ್ಕಾರ. ಹಾಸನದ ಈ ಸಭೆಯಲ್ಲಿ ಕಾಲೇಜು ಲ್ಯಾಬ್, ಆಸ್ಪತ್ರೆ, ಸೊಸೈಟಿಗಳ ಸರ್ವರ್ ನೋಡಿಕೊಳ್ಳುವವರೇ ಜಾಸ್ತಿ ಇದ್ದೀರಿ. ಇಂಥ ಕಡೆ ಸಾಮಾನ್ಯವಾಗಿ ಒಂದೇ ಸರ್ವರ್, ಅದರೊಳಗೆ ನಾಲ್ಕೈದು ವರ್ಚುವಲ್ ಮಷೀನ್ (ಸಾಫ್ಟ್‌ವೇರ್‌ನಲ್ಲೇ ಓಡುವ ಕಂಪ್ಯೂಟರ್), ಪಕ್ಕದಲ್ಲಿ ಒಂದು ನ್ಯಾಸ್, ಅಂದರೆ ನೆಟ್‌ವರ್ಕ್ ಮೂಲಕ ಫೈಲ್ ಇಡುವ ಡಿಸ್ಕ್ ಪೆಟ್ಟಿಗೆ. ಎಲ್ಲವೂ ಆಫೀಸಿನ ಒಂದೇ ಸ್ವಿಚ್ಚಿಗೆ. ತೊಂದರೆ ಶುರುವಾಗುವುದೇ ಅಲ್ಲಿ.

ಒಂದು ಗಿಗಾಬಿಟ್ ಲೈನು ಲೆಕ್ಕಕ್ಕೆ ಸೆಕೆಂಡಿಗೆ 125 ಮೆಗಾಬೈಟ್. ಕೈಗೆ ಸಿಗುವುದು 110ರ ಆಸುಪಾಸು. ಬ್ಯಾಕಪ್ ಅಷ್ಟನ್ನೂ ಎಳೆದುಕೊಂಡರೆ ಬಿಲ್ಲಿಂಗ್ ಸ್ಕ್ರೀನ್ ನಿಂತೇಬಿಡುತ್ತದೆ.

ಹಾಗಾಗಿ ಸರ್ವರ್‌ನ ಎರಡನೇ ನೆಟ್‌ವರ್ಕ್ ಕಾರ್ಡಿನಿಂದ ನ್ಯಾಸ್‌ಗೆ ನೇರ ಕೇಬಲ್ ಎಳೆಯಿರಿ. ನಡುವೆ ಸ್ವಿಚ್ಚೂ ಬೇಡ. ಆ ಕಾರ್ಡಿನ ಮೇಲೆ ಹೊಸ ಬ್ರಿಡ್ಜ್ (ಸರ್ವರ್‌ನೊಳಗಿನ ಸಾಫ್ಟ್‌ವೇರ್ ಸ್ವಿಚ್) ಮಾಡಿ, ಸ್ಟೋರೇಜ್ ಬೇಕಾದ ಮಷೀನ್‌ಗೆ ಮಾತ್ರ ಎರಡನೇ ವರ್ಚುವಲ್ ಕಾರ್ಡ್ ಕೊಡಿ. ವಿಳಾಸ 10.10.10.0/24ರಲ್ಲಿ, ಅಂದರೆ 10.10.10 ಎಂದು ಶುರುವಾಗುವಂತೆ, ಇರಲಿ. ಗೇಟ್‌ವೇ, ಅಂದರೆ ಹೊರಗಿನ ನೆಟ್‌ವರ್ಕ್‌ಗೆ ಹೋಗುವ ಬಾಗಿಲಿನ ವಿಳಾಸ, ಮಾತ್ರ ಹಾಕಲೇಬೇಡಿ. ಎರಡು ಗೇಟ್‌ವೇ ಇದ್ದರೆ ಹೊರಗೆ ಹೋಗಬೇಕಾದ ಪ್ಯಾಕೆಟ್ಟುಗಳು ದಾರಿ ತಪ್ಪುತ್ತವೆ. ನ್ಯಾಸ್ ಕೂಡ ಅದೇ ಸರ್ವರ್‌ನೊಳಗಿನ ವರ್ಚುವಲ್ ಮಷೀನ್ ಆಗಿದ್ದರೆ ಇನ್ನೂ ಸುಲಭ. ಬ್ರಿಡ್ಜ್‌ಗೆ ಕಾರ್ಡೇ ಬೇಡ, ಡೇಟಾ ಮೆಮೊರಿಯಲ್ಲೇ ಓಡಾಡುತ್ತದೆ, ಆ ಗಿಗಾಬಿಟ್ ಮಿತಿಯೂ ಇಲ್ಲ.

ಇಷ್ಟು ಮಾಡಿಯೂ ಕೆಲವರಿಗೆ ವೇಗ ಬದಲಾಗುವುದಿಲ್ಲ. ಕಾರಣ, ಮೌಂಟ್ ಮಾಡುವಾಗ, ಅಂದರೆ ನ್ಯಾಸ್‌ನ ಜಾಗವನ್ನು ಮಷೀನ್‌ನ ಒಂದು ಖಾಲಿ ಫೋಲ್ಡರಿಗೆ ಜೋಡಿಸುವಾಗ, ನ್ಯಾಸ್‌ನ ಹೆಸರು ಕೊಟ್ಟಿರುತ್ತಾರೆ. ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಆ ಹೆಸರಿಗೆ ಆಫೀಸಿನ ವಿಳಾಸ ಹೇಳುತ್ತದೆ, ಡೇಟಾ ಹಳೇ ದಾರಿಯಲ್ಲೇ ಹೋಗುತ್ತದೆ. ನ್ಯಾಸ್‌ನಲ್ಲಿ 10.10.10ರ ವಿಳಾಸಗಳಿಗೆ ಮಾತ್ರ ಅನುಮತಿ ಕೊಡಿ. ಆಗ ತಪ್ಪು ದಾರಿಯಲ್ಲಿ ಮೌಂಟ್ ಆಗುವುದೇ ಇಲ್ಲ, ತಪ್ಪು ಅಲ್ಲೇ ಗೊತ್ತಾಗುತ್ತದೆ.

ನ್ಯಾಸ್‌ನ ಜಾಗ ಬಳಸಲು ಎರಡು ವಿಧಾನಗಳಿವೆ, ಎನ್‌ಎಫ್‌ಎಸ್ಸೋ ಐಸ್ಕಸಿಯೋ (iSCSI) ಅಂತ ಕೇಳುತ್ತೀರಿ. ಹಲವು ಮಷೀನ್‌ಗಳಿಗೆ ಒಂದೇ ಫೋಲ್ಡರ್ ಬೇಕಾದರೆ ಎನ್‌ಎಫ್‌ಎಸ್. ಐಸ್ಕಸಿ ಕೊಡುವುದು ಬರೀ ಡಿಸ್ಕ್. ಅದೇ ಡಿಸ್ಕನ್ನು ಒಂದೇ ಮಷೀನ್‌ಗೆಂದು ಮಾಡಿದ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಹಾಕಿ ಎರಡು ಮಷೀನ್‌ಗಳು ಒಟ್ಟಿಗೆ ಬರೆದರೆ ಡೇಟಾ ಹಾಳಾಗುತ್ತದೆ.

ಇನ್ನು ಮಳೆಗಾಲದ ವಿಷಯ. ಸಕಲೇಶಪುರದ ಕಡೆಯ ಕರೆಂಟಿನ ಕಥೆ ನಿಮಗೇ ಗೊತ್ತು. ಕರೆಂಟ್ ಬಂದಾಗ ನ್ಯಾಸ್‌ಗಿಂತ ಮೊದಲು ಮಷೀನ್‌ಗಳು ಎದ್ದರೆ ಮೌಂಟ್ ಆಗುವುದಿಲ್ಲ. ಆದರೂ ಆ ಖಾಲಿ ಫೋಲ್ಡರ್ ಇರುತ್ತದೆ ಅಲ್ವಾ? ಸಾಫ್ಟ್‌ವೇರ್ ಸುಮ್ನೆ ಅದರೊಳಗೇ ಬರೆಯುತ್ತಾ ಹೋಗುತ್ತದೆ. ಆಮೇಲೆ ನೀವು ಮೌಂಟ್ ಮಾಡುತ್ತೀರಿ, ಬೆಳಗಿನ ಬಿಲ್ಲುಗಳೇ ಕಾಣಿಸುವುದಿಲ್ಲ! ಅಳಿಸಿಹೋಗಿಲ್ಲ, ಮೌಂಟ್‌ನ ಅಡಿಯಲ್ಲಿ ಮುಚ್ಚಿಕೊಂಡಿವೆ. ಗಾಬರಿಯಾಗದೆ ಸಾಫ್ಟ್‌ವೇರ್ ನಿಲ್ಲಿಸಿ, ಮೌಂಟ್ ಬಿಚ್ಚಿ, ಅವನ್ನು ಬೇರೆ ಕಡೆ ತೆಗೆದಿಟ್ಟುಕೊಳ್ಳಿ.

ಮೌಂಟ್ ಆಗದೆ ಸರ್ವೀಸ್ ಶುರುವಾಗದಂತೆ ಲಿನಕ್ಸ್‌ನಲ್ಲಿ ಸರ್ವೀಸ್‌ಗಳನ್ನು ಶುರುಮಾಡುವ ಸಿಸ್ಟಮ್‌ಡಿಯಲ್ಲಿ ಕಟ್ಟಿಹಾಕಿ. ಯುಪಿಎಸ್ ಮುಗಿಯುವಾಗ ಮೊದಲು ಮಷೀನ್‌ಗಳು, ಆಮೇಲೆ ಸರ್ವರ್, ಕೊನೆಗೆ ನ್ಯಾಸ್ ಆಫ್ ಆಗಲಿ. ಏಳುವಾಗ ಇದರ ಉಲ್ಟಾ. ಈಗ ಈ ಮೇಜಿನ ಮೇಲಿರುವ ಮಷೀನ್‌ನಲ್ಲಿ ಫೈಲ್ ಕಾಪಿ ಆಗುತ್ತಿರುವಾಗಲೇ ಕೇಬಲ್ ಕೀಳೋಣ, ಹತ್ತಿರ ಬನ್ನಿ. ಹಾರ್ಡ್ ಮೌಂಟ್ (ನ್ಯಾಸ್ ಉತ್ತರಿಸುವವರೆಗೂ ಬಿಡದೆ ಪ್ರಯತ್ನಿಸುವ ಬಗೆ) ಆಗಿರುವುದರಿಂದ ಕಾಪಿ ನಿಂತು ಕಾಯುತ್ತದೆ, ಕೇಬಲ್ ಮತ್ತೆ ಹಾಕಿದರೆ ಅಲ್ಲಿಂದಲೇ ಮುಂದುವರಿಯುತ್ತದೆ.